ತಲೆ ಒತ್ತೋ ಕೆಲಸ

ಭಾನುವಾರ ರಾತ್ರಿ

ಅಕ್ಕಾ,

ಹೇಗಿದೀಯ? ಭಾವನ ಸೊಂಟನೋವು ಕಡಿಮೆ ಆಯ್ತಾ? ನಿನ್ನ ಒಂದು ಮೆಸೇಜಿಗೂ ಉತ್ತರ ಕೊಡಲಿಲ್ಲ, ಬೈಕೋಬೇಡ. ಟೈಪ್ ಮಾಡೋಕೆ ಹೋದ್ರೆ ಬರೆದು ಬರೆದು ಅಳಿಸ್ತೀನಿ. ಅದಕ್ಕೇ ಮಾತಾಡಿ ಕಳಿಸ್ತಿದೀನಿ. ರೂಮಲ್ಲಿ ಜೊತೆಯವರು ಮಲಗಿದಾರೆ, ನಾನು ಮೆಟ್ಟಿಲ ಮೇಲೆ ಕೂತಿದೀನಿ. ದನಿ ಸಣ್ಣದಾದ್ರೆ ಫೋನು ಕಿವಿಗೆ ಇಟ್ಕೊಂಡು ಕೇಳು.

ರಜೆ ಮುಗಿಯೋ ಮುಂಚೆನೇ ಯಾಕೆ ಹೊರಟುಬಿಟ್ಟೆ ಅಂತ ಕೇಳಿದ್ದೆಯಲ್ಲ. ನಾನು ಅಲ್ಲಿಂದ ಹೊರಟು ಬಂದಾಗಿಂದ ಅಮ್ಮ ನಿನಗೆ ತಲೆ ಮುಟ್ಟೋಕೇ ಬಿಡಲ್ಲ, ಬಾಗಿಲು ಹಾಕ್ಕೊಂಡು ತಾನೇ ಒರೆಸ್ಕೋತಾಳೆ ಅಂತಾನೂ ಹೇಳಿದ್ದೆ. ಹೇಳ್ತೀನಿ, ತಾಳು.

ಮೊದಲು ಇದು ಕೇಳು. ಸಲೂನಲ್ಲಿ ಲೆಕ್ಕ ನೋಡ್ಕೋತೀನಿ ಅಂದಿದ್ದು ಸುಳ್ಳು. ನಾನು ಗಿರಾಕಿಗಳ ತಲೆ ತೊಳೆದು ಮಸಾಜ್ ಮಾಡೋನು. ಕಾಲೇಜು ಓದಿಸಿದ ಅಮ್ಮನ ಮುಂದೆ ಹೇಳೋಕೆ ನಾಲಿಗೆ ಏಳ್ಲಿಲ್ಲ. ಕತ್ತರಿ ಹಿಡಿಯೋರು ನನ್ನ 'ನಿದ್ದೆ ಡಾಕ್ಟ್ರು' ಅಂತಾರೆ. ಒಬ್ಬ ಬಸ್ ಡ್ರೈವರ್ ಬರ್ತಾನೆ, ಬೆರಳು ಕಿವಿ ಹಿಂದೆ ಹೋಗೋದ್ರೊಳಗೆ ಗೊರಕೆ. ಎಬ್ಬಿಸಿದ್ರೆ ಗಾಬರಿಯಾಗಿ ಕಾಲಲ್ಲಿ ಬ್ರೇಕ್ ಹುಡುಕ್ತಾನೆ. ನಗ್ತಿದೀಯ ಅಲ್ವಾ? ನಗು. ಅಲ್ಲಿದ್ದಾಗ ನನಗೂ ನಗು ಬರತ್ತೆ. ಅಮ್ಮ ವಿಡಿಯೋ ಕಾಲ್ ಮಾಡಿದ್ರೆ ಮಾತ್ರ, ನೀರಲ್ಲಿ ನೆನೆದು ಸುಕ್ಕಾದ ಬೆರಳು ಕಾಣದ ಹಾಗೆ ಇಟ್ಕೋತೀನಿ.

ನಾನು ಹೊರಡೋ ಹಿಂದಿನ ದಿನ ನೀನು ಔಷಧಿ ತರೋಕೆ ಹೋಗಿದ್ದೆ. ಅಮ್ಮ ತಲೆ ಸಿಡೀತಿದೆ ಕಣೋ, ಸ್ವಲ್ಪ ಒತ್ತು ಅಂದ್ಲು. ಸ್ಕಾರ್ಫ್ ತಾನೇ ಬಿಚ್ಚಿದ್ಲು. ಆಸ್ಪತ್ರೆ ಔಷಧಿಗೆ ಕೂದಲೆಲ್ಲ ಉದುರಿದ ಮೇಲೆ ನಾನು ನೋಡಿದ್ದು ಅದೇ ಮೊದಲು. ಎಷ್ಟು ಪುಟ್ಟ ತಲೆ ಅಕ್ಕಾ. ಹಣೆಯಿಂದ ಹಿಂದಕ್ಕೆ, ಆಮೇಲೆ ಕತ್ತಿನ ಬುಡದಲ್ಲಿ ಹೆಬ್ಬೆರಳು ನಿಲ್ಲಿಸಿ ನಿಧಾನಕ್ಕೆ ಒತ್ತಿದೆ. ಎಲ್ಲಿ ಕಲಿತ್ಯೋ ಇದನ್ನ ಅಂತ ಕೇಳಿದ್ಲು. ಫೋನಲ್ಲಿ ನೋಡಿ ಅಂದೆ. ಹಾಗೇ ಕಣ್ಣು ಮುಚ್ಚಿದ್ಲು. ಕಾಯಿಲೆ ಬಂದ ಮೇಲೆ ಅವಳು ಅಷ್ಟು ನೆಮ್ಮದಿಯಾಗಿ ಮಲಗಿದ್ದು ನಾನಂತೂ ನೋಡಿರ್ಲಿಲ್ಲ.

ಸರಿ. ಔಷಧಿ ತಪ್ಪಿಸ್ಬೇಡ. ಅವಳು ರೇಗಿದ್ರೂ ನೀನು ರೇಗ್ಬೇಡ. ನೀವಿಬ್ಬರೂ ತಣ್ಣಗಿರಿ.

ನಿನ್ನ ತಮ್ಮ,
ಮೊಂಡ

ಇನ್ನೊಂದು ಮಾತು. ಮರೆತಿದ್ದಲ್ಲ, ಬಾಯಿಗೆ ಬರ್ಲಿಲ್ಲ.

ಒತ್ತಿ ಮುಗಿದಿದ್ದೇ ಸೀದಾ ಬಾತ್‌ರೂಮಿಗೆ ಹೋಗಿ, ಸೋಪು ಹಚ್ಚಿ ಮೊಣಕೈವರೆಗೂ ಉಜ್ಜಿ ಉಜ್ಜಿ ಕೈ ತೊಳೆದೆ. ಸಲೂನಲ್ಲಿ ಒಂದು ತಲೆ ಆದ ಮೇಲೆ ಇನ್ನೊಂದು ಮುಟ್ಟೋ ಮೊದಲು ಹಾಗೇ ಮಾಡ್ಬೇಕು. ಕೈ ತಾನಾಗೇ ಹೋಯ್ತು. ತಿರುಗಿದ್ರೆ ಅಮ್ಮ ಎದ್ದು ಬಂದು ನಿಂತಿದ್ಲು. ನನ್ನ ಕೈ ಮೇಲಿನ ನೊರೆನೇ ನೋಡ್ತಿದ್ಲು. ಸ್ಕಾರ್ಫ್ ಎಳೆದು ಬಿಗಿಯಾಗಿ ಕಟ್ಕೊಂಡು, "ಇನ್ನೊಂದ್ಸಲ ಒತ್ತು ಅಂತ ಹೇಳಲ್ಲ ಬಿಡು ಮಗಾ" ಅಂದ್ಲು.

ಅಸಹ್ಯಕ್ಕಲ್ಲಮ್ಮ, ಕೆಲಸದ ಅಭ್ಯಾಸ ಅಂತ ಅಲ್ಲೇ ಹೇಳ್ಬಹುದಿತ್ತು. ಯಾವ ಕೆಲಸ ಅಂತ ಕೇಳ್ತಾಳಲ್ಲ? ಟವೆಲ್ ಹುಡುಕೋ ಹಾಗೆ ಮುಖ ತಿರುಗಿಸಿದೆ. ಬೆಳಿಗ್ಗೆ ಬಸ್ಸು ಹತ್ತಿದೆ.

ಇದನ್ನ ಅವಳಿಗೆ ಕೇಳಿಸು ಅಕ್ಕಾ. ನೀನು ಬಣ್ಣ ಹಚ್ಚಿ ಹೇಳೋಕೆ ಹೋಗ್ಬೇಡ, ನನ್ನ ಬಾಯಲ್ಲೇ ಕೇಳ್ಲಿ.

ಅಮ್ಮಾ, ನಾನು ಕಂಡೋರ ತಲೆ ಒತ್ತಿ ಊಟ ಮಾಡ್ತೀನಿ. ಒಬ್ಬರಾದ ಮೇಲೆ ಒಬ್ಬರು, ಮಧ್ಯೆ ಸೋಪು. ಅಷ್ಟೇ ಕಣಮ್ಮ.