ಪಾಠದ ಹೊತ್ತಿಗೆ ಹಂಚಿದ ಕವಳ

ಸಿದ್ದಾಪುರ
ಬುಧವಾರ, ೧೨ ನವೆಂಬರ್ ೨೦೨೫

ಯಾಸ್ಮೀನ್ ಟೀಚರಿಗೆ ಕಂಡಕ್ಟರಜ್ಜನ ನಮಸ್ಕಾರ, ತೆಗೆದುಕೊಳ್ಳುವ ಮನಸ್ಸಿದ್ದರೆ.

ಫೋನು ಮಾಡಿದೆ, ನೀನು ಎತ್ತಲಿಲ್ಲ. ಒಳ್ಳೆಯದೇ ಆಯಿತು. ಎತ್ತಿದ್ದರೆ ಏನಾದರೂ ತಮಾಷೆ ಮಾಡಿ ಮಾತು ತೇಲಿಸಿಬಿಡುತ್ತಿದ್ದೆ. ಕಾಗದದ ಮೇಲೆ ಅದು ಅಷ್ಟು ಸುಲಭವಿಲ್ಲ, ಯಾರೂ ನಗುವುದು ಕೇಳಿಸುವುದಿಲ್ಲ. ಇದನ್ನು ಶಿರಸಿ ಮೇಲೆ ಹೋಗುವ ಯಲ್ಲಾಪುರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿಯಾದ ಮೇಲೆ ಹರಿ.

ಶನಿವಾರ ಆದದ್ದು ನಿನಗೆ ಗೊತ್ತೇ ಇದೆ, ಆದರೂ ನನ್ನ ಬಾಯಿಂದ ಒಮ್ಮೆ ಬರಲಿ. ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ತರಬೇತಿಯಲ್ಲಿ ನಿನಗೆ ಅದು ಕೊನೆಯ ಪಾಠ. ಲ್ಯಾಪ್‌ಟಾಪಿನೊಳಗೆ ಪರೀಕ್ಷೆಯ ಮೇಡಂ ಕೂತು ನೋಡುತ್ತಾರೆ, ಎದುರಿಗೆ ನಿಜವಾದ ವಿದ್ಯಾರ್ಥಿಗಳು, ಅಂದರೆ ನಾವು, ಇರಬೇಕು, ಅವರು ಬಾಯಿಬಿಟ್ಟು ಮಾತಾಡಬೇಕು. ಪಾಸಾಗಿ ಈ ತಿಂಗಳೊಳಗೆ ಸರ್ಟಿಫಿಕೇಟು ಸಿಕ್ಕರೆ ವಿಯೆಟ್ನಾಮಿನ ಶಾಲೆಯಲ್ಲಿ ಕೆಲಸ. ಅಲ್ಲಿ ವರ್ಷವೊಂದು ಕಲಿಸಿ, ಆಮೇಲೆ ಲಾವೋಸು, ಕಾಂಬೋಡಿಯಾ, ಥೈಲ್ಯಾಂಡು ಎಲ್ಲ ಬಸ್ಸಿನಲ್ಲೇ ಸುತ್ತುವುದು. ನಮ್ಮ ಶನಿವಾರದ ಕ್ಲಾಸು ನಡೆಯುವ ಶಿರಸಿಯ ಆ ಮಹಡಿ ಕೋಣೆಯ ಗೋಡೆಗೆ ನೀನು ನಕ್ಷೆ ಅಂಟಿಸಿ ದಾರಿ ತೋರಿಸಿದಾಗ ʻಇದು ಎಕ್ಸ್‌ಪ್ರೆಸ್ಸೋ, ಷಟಲ್ಲೋ?ʼ ಅಂತ ಕೇಳಿದ್ದೆ. ʻಕೈ ಮಾಡಿದಲ್ಲೆಲ್ಲ ನಿಲ್ಲುವ ಬಸ್ಸು, ಅಜ್ಜಾʼ ಅಂದಿದ್ದೆ ನೀನು.

ಅಂಥ ಪಾಠಕ್ಕೆ ಮುಂಚೆ ನಾನು ಕವಳದ ತಬಕು ತಂದೆ. ಎದುರಿಗೆ ಬಂದ ಎಲೆ ಅಡಿಕೆಯನ್ನು ನಮ್ಮ ಕಡೆ ಯಾರೂ ಹಿಂದೆ ಕಳಿಸುವುದಿಲ್ಲ, ಹಾಕಿಕೊಂಡ ಮೇಲೆ ಅರ್ಧಕ್ಕೆ ಉಗುಳುವುದೂ ಇಲ್ಲ. ಗೊತ್ತಿದ್ದೇ ತಂದೆ. ಮನೆಗೆ ಬಂದು ಉಳಿಯುವ ಪರದೇಶದವರ ಜೊತೆ ಮಾತಾಡಬೇಕು ಅಂತ ಕ್ಲಾಸಿಗೆ ಬರುವ ಮತ್ತಿಘಟ್ಟದ ಸುಬ್ಬಲಕ್ಷ್ಮಿ, ʻಈಗ ಪಾಠ ಶುರು ಆಗ್ತಲಾ, ಆನು ಆಮೇಲೆ ಹಾಕ್ಯತ್ತೆʼ ಅಂದಳು. ʻಒಂದು ಎಲೆಗೆ ಎಂತ ಆಗ್ತದೆ, ನಾಲಿಗೆ ಹಗುರಾಗ್ತದೆʼ ಅಂದೆ. ಬನವಾಸಿ ಕಡೆಯ ಅನಾನಸು ಬೆಳೆಯುವ ಪಾರ್ವತವ್ವ, ʻಸುಣ್ಣ ಚೂರು ಹೆಚ್ಚಿಗಿ ಹಚ್ಚಿ ಕೊಡ್ರಿʼ ಅಂತ ಕೇಳಿ ಎರಡು ಹಾಕಿಕೊಂಡಳು.

ಟಿಕೆಟ್ ತೆಗೆದುಕೊಳ್ಳುವ ಪಾಠ. ನನಗೆಂದೇ ನೀನು ಆರಿಸಿದ್ದು, ಕಂಡಕ್ಟರ್ ಪಾತ್ರ ನನ್ನದು. ನಾನು ಉಬ್ಬಿದ ಕೆನ್ನೆ ತೋರಿಸಿ ಕೈ ಆಡಿಸಿದೆ. ಸರಿ, ಕಂಡಕ್ಟರೂ ನೀನೇ ಆದೆ. ಎಲ್ಲಿಗೆ ಹೋಗಬೇಕು ಅಂತ ನೀನು ಕೇಳಿದರೆ ಸುಬ್ಬಲಕ್ಷ್ಮಿ ಗಲ್ಲ ಮೇಲೆತ್ತಿ, ಸೂರು ನೋಡುತ್ತ ʻಉಂಬುಬ್ಬುʼ ಅಂದಳು. ಪಾರ್ವತವ್ವ ಕಿಟಕಿ ತೋರಿಸಿದಳು. ಅದು ಹೋಗುವ ಊರಿನ ದಿಕ್ಕೋ, ಉಗುಳುವ ಜಾಗವೋ ಅವಳಿಗೇ ಗೊತ್ತು. ಇವರಿಗೆಲ್ಲ ಹಲ್ಲುನೋವೇ ಅಂತ ಮೇಡಂ ಕೇಳಿದರು ಅನ್ನುವುದು ನನಗೆ ಆಮೇಲೆ ತಿಳಿಯಿತು.

ನೀನು ನಗಲಿಲ್ಲ. ಕೇಳಿದ್ದನ್ನೇ ಮತ್ತೆ ನಿಧಾನಕ್ಕೆ ಕೇಳಿದೆ, ಸನ್ನೆ ಮಾಡಿದೆ, ದನಿ ಒಮ್ಮೆಯೂ ಏರಿಸಲಿಲ್ಲ. ಪಾಠ ಮುಗಿಸಿ, ಮೇಡಂಗೆ ಥ್ಯಾಂಕ್ಸ್ ಹೇಳಿ, ಒರೆಸುವ ಬಟ್ಟೆ ತಂದು ಪಾರ್ವತವ್ವನ ಕಾಲಬುಡದಲ್ಲಿ ಬಿದ್ದ ಕೆಂಪು ಹನಿ ಒರೆಸಿದೆ. ನಾನು ಕುರ್ಚಿಯಲ್ಲಿ ಕೂತು ನೋಡಿದೆ, ಮಗಾ. ಎದ್ದು ಆ ಬಟ್ಟೆ ಇಸಿದುಕೊಳ್ಳಲಿಲ್ಲ.

ನೀನು ಫೇಲು ಅಂತ ಸೋಮವಾರ ನಿನ್ನ ಅಜ್ಜ ಚಾಂದ್ ಪಾಷಾ ಹೇಳಿದ. ನಾನು ಕೊಟ್ಟದ್ದು ಕವಳ, ನಿನಗಾದದ್ದು ಕಳವಳ. ನೋಡು, ಈಗಲೂ ಬಂತು! ಈ ನಾಲಿಗೆಗೆ ಎಷ್ಟು ಹೇಳಿದರೂ ಬುದ್ಧಿಯಿಲ್ಲ. ಜೀವಮಾನವಿಡೀ ಊರವರ ಪಾಸು ನೋಡಿ ಬಸ್ಸು ಹತ್ತಿಸಿದವನು, ನಿನ್ನ ಪಾಸು ಕಿತ್ತುಕೊಂಡೆ.

ಅವನು ಬಸ್ಸು ಓಡಿಸಿ ನಾನು ಟಿಕೆಟ್ ಹರಿಯುತ್ತಿದ್ದಾಗ ಅವನ ಊಟದ ಡಬ್ಬಿಗೆ ಕಲ್ಲು ತುಂಬಿದ್ದೇನೆ, ಚಪ್ಪಲಿ ಅಡಗಿಸಿದ್ದೇನೆ. ಒಂದು ದಿನ ಬೈದವನಲ್ಲ. ಸೋಮವಾರವೂ ಬೈಯಲಿಲ್ಲ. ʻಮಂಜಾ, ನೀ ಸೀಟಿ ಊದಿದ್ರೆ ನಾ ಹಿಂದೆ ನೋಡ್ದೆ ಗಾಡಿ ಬಿಡ್ತಿದ್ದೆ. ನಮ್ ಹುಡುಗಿ ಗಾಡಿ ಗಾಲಿಗೆ ನೀನೇ ಕಲ್ಲು ಕೊಟ್ಯಲ್ಲೋʼ ಅಂದು, ಅರ್ಧ ಟೀ ಬಿಟ್ಟು ಎದ್ದು ಹೋದ. ಟೀ ಅಂಗಡಿಯಲ್ಲಿದ್ದವರು ಮಾತ್ರ ʻಮಂಜಣ್ಣ, ಮತ್ತೊಂದ್ಸಲ ಮಾಡಿ ತೋರ್ಸಿ, ಆ ಸುಬ್ಬಲಕ್ಷ್ಮಕ್ಕ ಹ್ಯಾಂಗೆ ಮಾಡಿದ್ರು?ʼ ಅಂತ ನಗುತ್ತಿದ್ದರು. ಶನಿವಾರ ಸಂಜೆ ಅದನ್ನೆಲ್ಲ ಅವರಿಗೆ ಅಭಿನಯಿಸಿ ತೋರಿಸಿದ್ದು ನಾನೇ. ಬೇರೆಯವರಿಂದ ನಿನಗೆ ತಿಳಿಯುವ ಮೊದಲು ಅದನ್ನೂ ಬರೆದೆ.

ಯಾಕೆ ಮಾಡಿದೆ ಅಂದರೆ, ನೀನು ಅಷ್ಟು ದೂರ ಹೋಗುತ್ತೀ, ಶನಿವಾರದ ಕ್ಲಾಸು ನಿಂತುಹೋಗುತ್ತದೆ, ಮುದುಕನಿಗೆ ಬೇಜಾರು. ಚಾಂದ್‌ಗೆ ಹಾಗೇ ಹೇಳಿದೆ. ಸುಬ್ಬಲಕ್ಷ್ಮಿಗೂ ಹೇಳಿದೆ, ಅವಳು ʻಪಾಪʼ ಅಂದಳು. ನೀನೂ ಹಾಗೇ ತಿಳಿದುಕೋ.

ನಿನ್ನೆ ಅವರಿಬ್ಬರ ಮನೆಗೂ ಹೋಗಿ ಬಂದೆ. ಮೇಡಂ ಇನ್ನೊಂದು ಪಾಠಕ್ಕೆ ಒಪ್ಪಿದರೆ ಅವರು ಯಾವ ದಿನವಾದರೂ ಬರುತ್ತಾರೆ, ಬಾಯಿ ತೊಳೆದುಕೊಂಡೇ ಬರುತ್ತಾರೆ. ʻತಪ್ಪು ಎಂಗಳದ್ದೂ ಇದ್ದು, ಆ ಕೂಸಿನ ಮುಖ ನೆನಪಾದ್ರೆ ಊಟ ಸೇರ್ತಿಲ್ಲೆʼ ಅಂದಳು ಸುಬ್ಬಲಕ್ಷ್ಮಿ. ನೀನು ಮೇಡಂಗೆ ಬರೆದು ಕೇಳು. ತಪ್ಪು ಟೀಚರದ್ದಲ್ಲ, ಒಬ್ಬ ಮುದುಕನದು ಅಂತ ನನ್ನ ಹೆಸರು ಹಾಕಿಯೇ ಬರೆ. ನಾನು ಇನ್ನು ಆ ಕೋಣೆಯ ಹತ್ತಿರ ಸುಳಿಯುವುದಿಲ್ಲ.

ನಿನ್ನೆದುರು ತಲೆಯೆತ್ತಲಾರದ
ಮಂಜಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ವಾಪಸು ಬಂದು ಒಡೆದೆ. ಬೇಜಾರಿಗೆ ಮಾಡಿದ್ದು ಅಂತ ಬರೆದದ್ದು ಸುಳ್ಳು. ಜೋಗದ ಬಸ್ಸಿನಲ್ಲಿ ಪರದೇಶದವರ ಜೊತೆ ಇಂಗ್ಲಿಷಿನಲ್ಲೇ ಹರಟುತ್ತಿದ್ದೆ ಅಂತ ಕೊಚ್ಚಿಕೊಂಡಿದ್ದೆನಲ್ಲ, ಅದನ್ನು ನಂಬಿ ನೀನು ನನಗೆ ಆ ಪಾತ್ರ ಕೊಟ್ಟೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಬೆರಳು ತೋರಿಸಿ ದುಡ್ಡು ಇಸಿದುಕೊಂಡು ಮುಂದಿನ ಸೀಟಿಗೆ ಓಡುತ್ತಿದ್ದೆ, ಅಷ್ಟೇ. ಕ್ಲಾಸಿನಲ್ಲೂ ನನ್ನ ಸರದಿ ಬಂದಾಗ ಒಂದು ತಮಾಷೆ ಬಿಡುತ್ತಿದ್ದೆ. ನೀವೆಲ್ಲ ನಕ್ಕು ಮುಗಿಸುವಷ್ಟರಲ್ಲಿ ಸರದಿ ದಾಟಿರುತ್ತಿತ್ತು. ಶನಿವಾರ ದಾಟುವ ಹಾಗಿರಲಿಲ್ಲ. ನನ್ನೊಬ್ಬನ ಬಾಯಿ ಮುಚ್ಚಿದ್ದರೆ ಗೊತ್ತಾಗುತ್ತದೆ ಅಂತ ಎಲ್ಲರ ಬಾಯಿ ಮುಚ್ಚಿಸಿದೆ.

ಹತ್ತಿರ ಸುಳಿಯುವುದಿಲ್ಲ ಅಂದದ್ದೂ ತಪ್ಪಿಸಿಕೊಳ್ಳುವ ದಾರಿಯೇ. ಇನ್ನೊಂದು ಪಾಠ ಸಿಕ್ಕಿದರೆ ನನ್ನನ್ನು ಕರೆ. ಮೇಡಂ ಎದುರಿಗೇ ಮೊದಲ ಪ್ರಶ್ನೆ ನನಗೆ ಹಾಕು. ತಪ್ಪು ಹೇಳುತ್ತೇನೆ, ನೀನು ತಿದ್ದು. ನೀನು ಹೇಗೆ ಕಲಿಸುತ್ತೀ ಅಂತ ಅವರು ನೋಡಬೇಕಾದರೆ ಏನೂ ಬಾರದವನೊಬ್ಬ ಬೇಕಲ್ಲ. ಮೂರು ತಾಲೂಕು ಹುಡುಕಿದರೂ ನನ್ನಷ್ಟು ಬಾರದವನು ನಿನಗೆ ಸಿಗುವುದಿಲ್ಲ.