ವಿಮಾನದ ಆಫೀಸಿನ ಒಂದು ಕುರ್ಚಿ

೧೨ ನವೆಂಬರ್ ೧೯೫೨, ಬುಧವಾರ

ಸೋಮವಾರಪೇಟೆ ಬಸ್ಸಿಗೆ ಹದಿನಾಲ್ಕು ಪಾರ್ಸೆಲ್. ಏಲಕ್ಕಿ ಮೂಟೆ ಮೂರು. ಒಂದರ ಹೊಲಿಗೆ ಬಿಚ್ಚಿತ್ತು, ದಬ್ಬಳ ಹಿಡಿದು ನಾನೇ ಹೊಲಿದೆ. ದೇವರಾಜು ಟಿಕೆಟ್ ಕಿಟಕಿಯಲ್ಲಿ ಕೂತು ಯಾರ ಜೊತೆಗೋ ನಗುತ್ತಿದ್ದ. ಅವನದು ನಗುವ ಕೆಲಸ, ನನ್ನದು ಎತ್ತುವ ಕೆಲಸ. ಇಬ್ಬರೂ ಶಿರಂಗಾಲದವರು, ಒಂದೇ ಬೆಂಚಿನಲ್ಲಿ ಓದಿದವರು. ಈಗ ಮಡಿಕೇರಿಯಲ್ಲಿ ಒಂದೇ ರೂಮು, ಒಂದೇ ಕನ್ನಡಿ. ಅವನನ್ನು ಈ ಬಸ್ ಕಂಪನಿಗೆ ಸೇರಿಸಿದವನು ನಾನು. ಅದನ್ನು ಅವನು ಮರೆತಿದ್ದರೆ ಬೈಯಬಹುದಿತ್ತು. ಮರೆತಿಲ್ಲ. ಕಂಡಕಂಡವರಿಗೆಲ್ಲ ಹೇಳಿಕೊಂಡು ಬರುತ್ತಾನೆ. ಅದಕ್ಕೇ ಇನ್ನೂ ಸಿಟ್ಟು.

ಮಧ್ಯಾಹ್ನ ಧಣಿ ಪೂವಯ್ಯನವರು ಇಬ್ಬರನ್ನೂ ಒಳಗೆ ಕರೆದರು. ಒಂದು ವಿಮಾನ ಕಂಪನಿ ನಮ್ಮ ಬಸ್ ಆಫೀಸಿನ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿಯುತ್ತಿದೆಯಂತೆ. ಮಡಿಕೇರಿಯಲ್ಲಿ ವಿಮಾನ ಎಲ್ಲಿ ಇಳಿಯುತ್ತದೆ, ಬೆಟ್ಟದ ತಲೆಯ ಮೇಲಾ? ಇಳಿಯುವುದಿಲ್ಲ. ಟಿಕೆಟ್ಟು ಇಲ್ಲಿ, ಸಾಮಾನಿನ ತೂಕ ಇಲ್ಲಿ, ಆಮೇಲೆ ವ್ಯಾನಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ವಿಮಾನ. ಸದ್ಯಕ್ಕೆ ಕೌಂಟರಿಗೆ ಒಬ್ಬ ಬೇಕು. ಉಳಿದವರನ್ನು ಆಮೇಲೆ ತೆಗೆದುಕೊಳ್ಳುತ್ತಾರಂತೆ.

“ನಮ್ಮ ಹುಡುಗರನ್ನ ಮೊದಲು ನೋಡಿ ಅಂತ ಹೇಳಿದ್ದೇನೆ. ನೀವಿಬ್ಬರೂ ಅರ್ಜಿ ಹಾಕಿ” ಎಂದರು ಧಣಿ.

ನೀಲಿ ಕೋಟಂತೆ. ಎದೆಯ ಮೇಲೆ ಹಿತ್ತಾಳೆಯ ರೆಕ್ಕೆಯಂತೆ.

“ಹಾಕ್ತೀಯೇನ್ಲಾ ನಾಗ?” ದೇವರಾಜು ಕೇಳಿದ.

“ನೋಡಾನ” ಅಂದೆ. ಮನಸ್ಸಿನಲ್ಲಿ ಆಗಲೇ ಅರ್ಧ ಅರ್ಜಿ ಬರೆದಾಗಿತ್ತು.

೧೫ ನವೆಂಬರ್, ಶನಿವಾರ

ಅರ್ಜಿ ಬರೆದೆ. ಎಸ್ಸೆಸ್ಸೆಲ್ಸಿ ಪಾಸು. ಇಂಗ್ಲಿಷ್ ಅಕ್ಷರ ಚೆನ್ನ. ಸೋಮವಾರಪೇಟೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ನಾಲ್ಕು ವರ್ಷ ತೂಕದ ರೈಟರ್. ಇದನ್ನು ಕೆಳಗೆ ಗೆರೆ ಎಳೆದು ಬರೆದಿದ್ದೇನೆ. ಹಣ್ಣು ಕೀಳುವ ಪಿಕಿಂಗ್ ಕಾಲದಲ್ಲಿ ಸಂಜೆ ಸಾಲಿಗೆ ಸಾಲು ಹೆಂಗಸರು. ಒಂದೊಂದೇ ಕುಕ್ಕೆ ಹಣ್ಣು ಕೊಕ್ಕೆಗೆ ತಗುಲಿಸಬೇಕು, ಕುಕ್ಕೆಯ ತೂಕ ಕಳೆಯಬೇಕು, ಹೆಸರು ಹಿಡಿದು ಗಟ್ಟಿಯಾಗಿ ಕೂಗಬೇಕು. ಸಾಲಿನ ಕೊನೆಯವಳಿಗೂ ಕೇಳಬೇಕು. ಮೆಲ್ಲಗೆ ಹೇಳುವ ರೈಟರ್ ಕಳ್ಳ ಎಂದೇ ಲೆಕ್ಕ. ನಾನು ಕೂಗಿದ ತೂಕಕ್ಕೆ ಒಬ್ಬಳೂ ತಕರಾರು ಎತ್ತಿದವಳಲ್ಲ. ಮುದುಕಿ ಚೋಮಿ ಅಂತೂ ನಾನು ಕೂಗದೆ ಕುಕ್ಕೆ ಇಳಿಸಲು ಬಿಡುತ್ತಿರಲಿಲ್ಲ.

ಸಂಜೆ ದೇವರಾಜು ಬಿಳಿ ಹಾಳೆ ತಂದು ಮುಂದಿಟ್ಟ. “ನಂದೂ ನೀನೇ ಬರ್ದ್‌ಕೊಡ್ಲಾ. ನನ್ನಕ್ಷರ ನೋಡುದ್ರೆ ವಿಮಾನ ಹಾರಾಕಿಲ್ಲ.”

ಬರೆದುಕೊಟ್ಟೆ. ಮೂರನೆಯ ಸಾಲಿನಲ್ಲಿ ಬೇಕೆಂದೇ ಒಂದು ತಪ್ಪು ಬಿಟ್ಟೆ. ಅವನು ಓದಿ “ಮುತ್ತು ಪೋಣ್ಸ್‌ದಂಗೈತೆ” ಅಂದ. ಆಗ ಹಾಳೆ ಕಿತ್ತುಕೊಂಡು ಹರಿದು ಹಾಕಿ ಹೊಸದಾಗಿ ಬರೆದೆ. ಮಸಿ ಹರಡಿತ್ತು ಎಂದು ಹೇಳಿದೆ.

೨೩ ನವೆಂಬರ್, ಭಾನುವಾರ

ಶುಕ್ರವಾರ ಇಂಟರ್‌ವ್ಯೂ. ಅರ್ಜಿ ಹಾಕಿದವರು ಒಂಬತ್ತು ಜನ.

ದೇವರಾಜು ಬೆಳಗಿನಿಂದ ಕನ್ನಡಿ ಬಿಟ್ಟು ಕದಲಿಲ್ಲ. “ಗುಡ್ ಮಾರ್ನಿಂಗ್ ಮೇಡಂ. ಯುವರ್ ಲಗೇಜ್ ಮೇಡಂ.” ತಪ್ಪು ಉಚ್ಚಾರ. ನಾನು ತಿದ್ದಲಿಲ್ಲ. ಅವನಿಗೆ ಹಲ್ಲು ಚೆನ್ನಾಗಿವೆ, ಅದು ಅವನ ಸಾಧನೆಯೇ? ಆದರೂ ಒಪ್ಪಬೇಕು… ಅವನು ಕಿಟಕಿಯಲ್ಲಿ ಇಲ್ಲದ ದಿನ ಜನ ಅವನನ್ನು ಕೇಳುತ್ತಾರೆ. ವಕೀಲರ ಮನೆಯ ಸುಲೋಚನಮ್ಮ ಮೊನ್ನೆ ಮೈಸೂರು ಟಿಕೆಟ್ಟಿಗೆ ಬಂದವರು, “ಆ ನಗುಮುಖದ ಹುಡುಗ ಎಲ್ಲಿ ಹೋದ?” ಎಂದರು. ಎದುರಿಗೆ ನಾನು ನಿಂತಿದ್ದೆ. ಮೂರು ವರ್ಷದಿಂದ ಅವರ ಟ್ರಂಕು ಬಸ್ಸಿನ ಮೇಲೆ ಹತ್ತಿಸಿದವನು ನಾನು. ನನಗೂ ಮುಖ ಇದೆ.

೨೮ ನವೆಂಬರ್, ಶುಕ್ರವಾರ. ಸಂಜೆ ಐದು

ಹಾಳಾಗಿ ಹೋಯಿತು. ಬರೆಯಲೂ ನಾಚಿಕೆ. ಬರೆಯುತ್ತೇನೆ.

ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಇಂಗ್ಲಿಷಿನಲ್ಲಿ ಪತ್ರ, ಟೈಮ್ ಟೇಬಲ್ ನೋಡಿ ಉತ್ತರ, ಎರಡರಲ್ಲೂ ನಾನೇ ಮೊದಲು. ಬೆಂಗಳೂರಿನಿಂದ ಬಂದಿದ್ದ ಆಫೀಸರು ನನ್ನ ಹಾಳೆಯನ್ನು ಎತ್ತಿ ಧಣಿಗೆ ತೋರಿಸಿದರು. ಏಳು ಜನರನ್ನು ಕಳಿಸಿದರು. ಉಳಿದವರು ನಾನು, ದೇವರಾಜು.

ಆಮೇಲೆ ಕೌಂಟರ್ ಪರೀಕ್ಷೆ. ಸುಲೋಚನಮ್ಮ ಜನವರಿಯಲ್ಲಿ ಮಗಳ ಬಾಣಂತನಕ್ಕೆ ವಿಮಾನದಲ್ಲಿ ಬೊಂಬಾಯಿಗೆ ಹೊರಟಿದ್ದಾರೆ. ಧಣಿ ಅವರನ್ನೇ ಪ್ಯಾಸೆಂಜರ್ ಮಾಡಿ ಕೂರಿಸಿದರು. ಸಣ್ಣ ವಿಮಾನ, ಆದ್ದರಿಂದ ಸಾಮಾನಿನ ಜೊತೆ ಜನರನ್ನೂ ತೂಗಬೇಕು ಎಂದು ಆಫೀಸರು ವಿವರಿಸಿದರು. ತೂಗುವುದಾ! ನನಗೆ ಒಳಗೊಳಗೇ ನಗು ಬಂತು. ಇದಕ್ಕಿಂತ ಸುಲಭ ಇನ್ನೇನಿದೆ.

ಮೊದಲು ನನ್ನ ಸರದಿ. ಬಾಗಿಲು ತೆಗೆದಿತ್ತು. ಹೊರಗೆ ಬಸ್ಸಿಗೆ ಕಾಯುವ ಜನ, ಹಮಾಲಿಗಳು. ಸುಲೋಚನಮ್ಮ ಪಾರ್ಸೆಲ್ ತೂಕದ ಮಿಷನ್ನಿನ ಮೇಲೆ ಹತ್ತಿ ನಿಂತರು, ಕೈಯಲ್ಲಿ ಚೀಲ. ನಾನು ಗುಂಡು ಸರಿಸಿದೆ. ಮುಳ್ಳು ನಿಂತಿತು. ನಾಲ್ಕು ವರ್ಷದ ಅಭ್ಯಾಸ. ಬಾಯಿ ತಾನಾಗಿ ತೆರೆಯಿತು.

“ಸುಲೋಚನಮ್ಮಾ… ನೂರ ಎಂಬತ್ಮೂರು ಪೌಂಡೂ! ಕುಕ್ಕೆ ಕಳ್ದು ನೂರ ಎಂಬತ್ತೊಂದೂ!”

ಹೊರಗೆ ಹಮಾಲಿಗಳು ಕಿಸಕ್ಕೆಂದರು. ಡ್ರೈವರ್ ಇಣುಕಿ ನೋಡಿದ. ಧಣಿ ಮೀಸೆಯ ಮೇಲೆ ಕೈಯಿಟ್ಟುಕೊಂಡರು. ಸುಲೋಚನಮ್ಮ ಸೆರಗು ಎಳೆದುಕೊಂಡು ಇಳಿದರು. ನನ್ನ ಕಡೆ ನೋಡಲಿಲ್ಲ.

ಆಮೇಲೆ ಅವನು. “ಅಮ್ಮ, ಇನ್ನೊಂದೇ ಒಂದ್ಸಲ ನಿಂತ್ಕಳಿ, ಬೇಜಾರ್ ಮಾಡ್ಕೊಬೇಡಿ” ಅಂದ. ಹೊರಗಿನವರಿಗೆ ಮುಳ್ಳು ಕಾಣದಂತೆ ಬೆನ್ನು ಅಡ್ಡ ಕೊಟ್ಟು ನಿಂತ. ಚೀಟಿಯಲ್ಲಿ ಬರೆದ, ಮಡಿಸಿ ಆಫೀಸರ ಕೈಗೆ ಕೊಟ್ಟ. “ಮಗಳಿಗೆ ಮೊದಲ್ನೇದಾ ಅಮ್ಮ?” ಎಂದು ಕೇಳಿದ. ಸುಲೋಚನಮ್ಮ ನಕ್ಕರು. ಅಲ್ಲಿಗೆ ಮುಗಿಯಿತು.

ಅವನನ್ನು ಮೊದಲು ಕರೆದಿದ್ದರೆ? ಅವನೂ ಏನಾದರೂ ಎಡವಟ್ಟು ಮಾಡುತ್ತಿದ್ದ. ನಾನು ಬಿದ್ದ ಗುಂಡಿ ನೋಡಿಕೊಂಡು ಸುತ್ತಿ ನಡೆದ, ಅಷ್ಟೇ. ಇಲ್ಲ… ಸುಳ್ಳು. ಅವನು ಹಾಗೆಯೇ ಮಾಡುತ್ತಿದ್ದ. ಅದೇ ಉರಿ.

೨ ಡಿಸೆಂಬರ್, ಮಂಗಳವಾರ

ಧಣಿ ಕರೆದು ಹೇಳಿದರು. ಪಟ್ಟಿಯಲ್ಲಿ ದೇವರಾಜು ಮೊದಲನೆಯವನು, ನಾನು ಎರಡನೆಯವನು. ಆರ್ಡರು ಅಂಚೆಯಲ್ಲಿ ಬರುತ್ತದೆ. ಹದಿನೆಂಟನೇ ತಾರೀಕಿನ ಒಳಗೆ ಅವನು ಒಪ್ಪಿಗೆಯ ತಂತಿ ಕೊಡಬೇಕು. ಕೊಡದಿದ್ದರೆ ಕೆಲಸ ಎರಡನೆಯವನಿಗೆ.

“ಅವನ್ಯಾಕೆ ಬಿಡ್ತಾನೆ? ಸುಮ್ಮನೆ ನಿನಗೆ ಗೊತ್ತಿರಲಿ ಅಂತ ಹೇಳಿದೆ” ಎಂದರು.

ಸುಮ್ಮನೆ ಹೇಳಬಾರದಿತ್ತು.

೧೧ ಡಿಸೆಂಬರ್, ಗುರುವಾರ

ದೇವರಾಜು ನಿನ್ನೆಯೇ ಊರಿಗೆ ಹೋದ, ರಾಗಿ ಒಕ್ಕಣೆಗೆ. ಶನಿವಾರ ಬರುತ್ತಾನೆ.

ಹತ್ತೂವರೆಗೆ ಪೋಸ್ಟ್‌ಮ್ಯಾನ್ ಮಾಯಿಲಪ್ಪ ಬಂದ. ಉದ್ದನೆಯ ಕವರು, ಮೂಲೆಯಲ್ಲಿ ನೀಲಿ ರೆಕ್ಕೆಯ ಗುರುತು. ದೇವರಾಜುವಿನ ಹೆಸರು ಟೈಪು ಮಾಡಿದೆ.

“ನಿಮ್ಮ ಜತೆಗಾರರದ್ದು ಮಾರಾಯ್ರೇ. ಕೊಟ್ಟುಬಿಡಿ, ಆಯ್ತಾ?”

ಆಯ್ತು ಅಂದೆ. ರೂಮಿಗೆ ತಂದೆ. ಮೇಜಿನ ಮೇಲೆ ಇಟ್ಟೆ. ಊಟ ಮಾಡಿದೆ. ಎತ್ತಿ ನನ್ನ ಟ್ರಂಕಿನಲ್ಲಿ ಪಂಚೆಯ ಅಡಿಗೆ ಇಟ್ಟೆ. ಕಳೆದುಹೋಗಬಾರದಲ್ಲ… ಅದಕ್ಕೆ.

೧೩ ಡಿಸೆಂಬರ್, ಶನಿವಾರ

ಸಂಜೆಯ ಬಸ್ಸಿಗೆ ಬಂದ. ತಲೆಯಲ್ಲೆಲ್ಲ ರಾಗಿಯ ಹೊಟ್ಟು. ಅವನ ಅವ್ವ ಲಿಂಗಮ್ಮ ಅವರೇಕಾಯಿ ಕಳಿಸಿದ್ದಾರೆ. ಎರಡು ಗಂಟು. ಒಂದು ಅವನಿಗೆ, ಒಂದು ನನಗೆ. “ನಾಗಂದು ಬೇರೆ ಕಟ್ಟಿವ್ನಿ ಅಂತ ಹೇಳ್ಲಾ” ಅಂದರಂತೆ.

ಗಂಟು ಕೈಗಿಟ್ಟು ಕೇಳಿದ, “ನಂಗೇನಾರ ಬಂದಿತ್ತೇನ್ಲಾ?”

“ಇಲ್ಲ” ಅಂದೆ.

ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ.

೧೪ ಡಿಸೆಂಬರ್, ಭಾನುವಾರ

ಅವರೇಕಾಯಿ ಸಾರು ಅವನೇ ಮಾಡಿದ. ಎರಡು ಸಲ ಬಡಿಸಿಕೊಂಡೆ.

ಇನ್ನು ನಾಲ್ಕು ದಿನ. ನಾನೇನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ನೀಲಿ ಕೋಟು ನನಗೆ ಭುಜದ ಹತ್ತಿರ ಬಿಗಿಯಾಗಬಹುದು. ಅವನಿಗಿಂತ ನನ್ನ ಭುಜ ಅಗಲ.

೧೫ ಡಿಸೆಂಬರ್, ಸೋಮವಾರ

ಸಂಜೆ ಮತ್ತೆ ಕೇಳಿದ. ಬಾಗಿಲ ಹತ್ತಿರವೇ ನಿಂತಿದ್ದ, ಚಪ್ಪಲಿ ಬಿಟ್ಟಿರಲಿಲ್ಲ.

“ನಾಗ, ನಿಜ್ವಾಗ್ಲೂ ಏನೂ ಬಂದಿಲ್ವಾ?”

“ಇಲ್ಲ ಅಂದ್ನಲ್ಲಾ. ಎಷ್ಟ್ ಸಲ ಕೇಳ್ತೀಯ? ಬಂದ್ರೆ ನಾನೇನು ತಿಂದ್ಕಂಡ್‌ಬುಡ್ತೀನಾ?”

ಅವನು ಹಾಗೆಯೇ ತಿರುಗಿ ಹೊರಗೆ ಹೋದ. ಸಿಟ್ಟು ಮಾಡಬೇಕಾದವನು ಅವನು, ಮಾಡಿದವನು ನಾನು. ನನ್ನ ಧ್ವನಿ ನನಗೇ ಹಿಡಿಸಲಿಲ್ಲ.

೧೬ ಡಿಸೆಂಬರ್, ಮಂಗಳವಾರ

ಕೊಟ್ಟುಬಿಟ್ಟೆ.

ಒಳ್ಳೆಯತನದಿಂದ ಕೊಡಲಿಲ್ಲ, ಅದನ್ನು ಇಲ್ಲಾದರೂ ಸರಿಯಾಗಿ ಬರೆಯಬೇಕು. ಬೆಳಿಗ್ಗೆ ಅವನು ತನ್ನ ಶರ್ಟಿಗೆ ಇಸ್ತ್ರಿ ಹಾಕುತ್ತಾ ನನ್ನದನ್ನೂ ಎಳೆದುಕೊಂಡು ಹಾಕಿದ. ಇಸ್ತ್ರಿಯ ಬಿಸಿ ಇನ್ನೂ ಇರುವ ಶರ್ಟು ತೊಟ್ಟುಕೊಂಡು ದಿನವಿಡೀ ಮೂಟೆ ತೂಗಿದೆ. ಮೂರು ಸಲ ತೂಕ ತಪ್ಪಿದೆ. ನನಗೆ ತೂಕ ತಪ್ಪುವುದೆಂದರೇನು! ಮಧ್ಯಾಹ್ನ ರೂಮಿಗೆ ಓಡಿ ಕವರು ತಂದು ಟಿಕೆಟ್ ಕಿಟಕಿಯಲ್ಲಿ ಅವನ ಮುಂದೆ ಇಟ್ಟೆ.

“ತಗಳ್ಲಾ. ಬಂತು.”

ಅವನು ಕವರು ನೋಡಲಿಲ್ಲ. ನನ್ನನ್ನು ನೋಡಿದ. “ಇವತ್ತಾ?”

“ಹೂಂ, ಇವತ್ತೇ. ಹತ್ತೂವರೆ ಟಪ್ಪಾಲಿಗೆ.”

“ಸರಿ ಬುಡು” ಅಂದ. ಒಡೆಯದೆ ಜೇಬಿನಲ್ಲಿಟ್ಟುಕೊಂಡ. ಸಂತೋಷದಲ್ಲಿ ಒಡೆಯಲು ಕೈ ಬರುತ್ತಿಲ್ಲವೇನೋ ಎಂದುಕೊಂಡೆ. ನನಗೂ ಹಗುರವಾಯಿತು. ಇನ್ನೂ ಎರಡು ದಿನ ಇದೆ, ಅವನಿಗೆ ನಷ್ಟವೇನೂ ಆಗಲಿಲ್ಲ, ಯಾರಿಗೂ ಗೊತ್ತಿಲ್ಲ. ಅಲ್ಲಿಗೆ ಸರಿಹೋಯಿತು.

ನೀಲಿ ಕೋಟು ಅವನಿಗೇ ಹೋಯಿತು. ಹೊಟ್ಟೆ ಉರಿಯುವುದು ನಿಂತಿಲ್ಲ. ನಿಲ್ಲುತ್ತದೆ.

೨೨ ಡಿಸೆಂಬರ್, ಸೋಮವಾರ. ಮಧ್ಯಾಹ್ನ ಮೂರು

ಐದಾರು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಮುಂದಿನ ಕೋಣೆಗೆ ಸುಣ್ಣ ಹೊಡೆದರು. ಹೊಸ ಕೌಂಟರ್ ಬಂತು, ತೇಗದ್ದು. ದೇವರಾಜುಗೆ ಕೋಟು ಬಂತು. ತೋಳು ಉದ್ದ. ಖುಷಿಯಾಯಿತು. ಟೈಲರ್ ಹತ್ತು ನಿಮಿಷದಲ್ಲಿ ಸರಿ ಮಾಡಿಬಿಟ್ಟ.

ಇವತ್ತು ಮಾಯಿಲಪ್ಪ ಬಂದ. ಕಾಗದ ಕೊಟ್ಟು ಅಲ್ಲೇ ಕೂತ.

“ಎಂತ ಮಾರಾಯ್ರೇ, ನಿಮ್ಮ ಜತೆಗಾರರು ನನಗೆ ಒಂದು ತುಂಡು ಸ್ವೀಟೂ ಕೊಡಲಿಲ್ಲ. ಸುದ್ದಿ ಮೊದಲು ಹೇಳಿದವ ನಾನಲ್ವಾ?”

“ಯಾವ ಸುದ್ದಿ?” ಅಂದೆ.

“ಅದೇ, ಆರ್ಡರಿಂದು. ಶನಿವಾರ ಬಸ್ಸಿಳಿಯುವಾಗಲೇ ಹೇಳಿದೆ, ನಿಮ್ಮ ಕವರು ಬಂದುಂಟು, ನಾಗರಾಜಪ್ಪನ ಕೈಲಿ ಕೊಟ್ಟಿದ್ದೇನೆ ಅಂತ. ಸೋಮವಾರ ಮಧ್ಯಾಹ್ನ ಬಂದು ನಮ್ಮ ಆಫೀಸಲ್ಲೇ ತಂತಿ ಕೊಟ್ಟರಲ್ಲ, ಸೇರ್ತೇನೆ ಅಂತ.”

ಆಮೇಲೆ ಅವನು ಏನೇನೋ ಹೇಳಿದ. ಕೇಳಿಸಲಿಲ್ಲ.

ಶನಿವಾರ. ರೂಮಿಗೆ ಬರುವ ಮೊದಲೇ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವರೇಕಾಯಿಯ ಗಂಟು ಕೈಗಿಟ್ಟ, ಗೊತ್ತಿದ್ದೂ ಕೇಳಿದ. ಅರ್ಜಿ ಕಳಿಸಿದ ವಿಳಾಸಕ್ಕೇ ಸೋಮವಾರ ಮಧ್ಯಾಹ್ನ ತಂತಿ ಹೋಗಿದೆ, ಕೆಲಸ ಅವನದಾಗಿದೆ. ಆದರೂ ಸಂಜೆ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೇಳಿದ. ಕವರಿಗಾಗಿ ಅಲ್ಲ, ನನ್ನ ಬಾಯಿಂದ ನಿಜ ಬರಲಿ ಎಂದು. ಮಂಗಳವಾರವೂ “ಇವತ್ತಾ?” ಅಂದ. ಮೂರು ಸಲ. ಮೂರು ಸಲವೂ ನಾನು ಬಾಗಿಲು ಹಾಕಿದೆ.

ನಾಲ್ಕೂವರೆ

ಧಣಿ ಕರೆಸಿದ್ದರು. ಗೊತ್ತಾಗಿದೆ, ಇನ್ನು ಈ ಬಸ್ ಆಫೀಸಿನಲ್ಲೂ ನನಗೆ ಜಾಗ ಇಲ್ಲ ಎಂದುಕೊಂಡು ಹೋದೆ. ಅವರು ನಗುತ್ತಿದ್ದರು.

“ವಿಮಾನದವರು ತೂಕಕ್ಕೂ ಸಾಮಾನಿಗೂ ಒಬ್ಬನನ್ನ ಈಗಲೇ ಕೇಳ್ತಿದ್ದಾರೆ. ದೇವರಾಜು ನಿನ್ನ ಹೆಸರೇ ಹೇಳಿದ್ದಾನೆ. ನಂಬಿಕೆಯವನು, ನಾನು ಜವಾಬ್ದಾರಿ ಅಂದ. ನಾಳೆ ಆಫೀಸರು ಬರ್ತಾರೆ. ಆದರೆ ಕೂಗಬೇಡ ಮಾರಾಯ!”

“ಯಾವಾಗ ಹೇಳಿದ ಧಣಿ?”

“ಹೋದ ಮಂಗಳವಾರ, ಸಂಜೆ.”

ಮಂಗಳವಾರ. ಮಧ್ಯಾಹ್ನ ಅವನ ಮುಖ ನೋಡಿ ಸುಳ್ಳು ಹೇಳಿದ್ದೆ. ಅದೇ ಸಂಜೆ ಹೋಗಿ ನನ್ನ ಹೆಸರು ಹೇಳಿದ್ದಾನೆ. ನಂಬಿಕೆಯವನು ಎಂದಿದ್ದಾನೆ. ನನ್ನನ್ನು ಕುಟುಕಲು ಹಾಗೆ ಅಂದಿದ್ದರೆ ಸಹಿಸಬಹುದಿತ್ತು. ಅವನಿಗೆ ಕುಟುಕಲು ಬರುವುದಿಲ್ಲ, ನನಗೆ ಗೊತ್ತು.

ನಾಚಿಕೆಯಾಗುತ್ತಿದೆ. ಅದರ ಜೊತೆಗೇ, ಥೂ, ಹೊಟ್ಟೆ ಉರಿಯುತ್ತಲೂ ಇದೆ. ಕೋಟಿಗಲ್ಲ, ಕುರ್ಚಿಗೂ ಅಲ್ಲ. ಈ ದೊಡ್ಡತನವೂ ಅವನಿಗೇ ಬರಬೇಕಿತ್ತೇ? ಇದರಲ್ಲೂ ನಾನು ಎರಡನೆಯವನು.

ನಾಳೆ ಆಫೀಸರ ಮುಂದೆ ನಿಲ್ಲುವ ಮೊದಲು ಅವನಿಗೆ ಹೇಳಬೇಕು. ಅವನಿಗೆ ಗೊತ್ತಿದ್ದರೇನು, ನನ್ನ ಬಾಯಿಂದ ಹೋಗಿಲ್ಲವಲ್ಲ.

ಆರು ಹತ್ತು

ಬಂದ. ಕೋಟು ಮೊಳೆಗೆ ಹಾಕಿದ. ಸ್ಟೌವಿಗೆ ಪಂಪು ಹೊಡೆಯುತ್ತಿದ್ದಾನೆ. “ಕಾಫಿಗೆ ಬೆಲ್ಲ ಜಾಸ್ತಿ ಹಾಕ್ಲೇನ್ಲಾ?” ಎಂದು ಕೇಳುತ್ತಿದ್ದಾನೆ. ಏನು ಬರೆಯುತ್ತಿದ್ದೀಯ ಎಂದು ಒಂದು ದಿನವೂ ಕೇಳಿದವನಲ್ಲ.

ಹೇಳುತ್ತೇನೆ. ಕಾಫಿ ಕುಡಿದ ಮೇಲೆ… ಬೇಡ, ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ. ದೇವರಾಜು, ಆ ಕವರು ಬಂದದ್ದು ಮಂಗಳವಾರ ಅಲ್ಲ, ಗುರುವಾರ. ಸಾಕು, ಪೆನ್ನು ಇಟ್ಟೆ.