ಬೀಗಿತ್ತಿಯರ ನಡುಗೋಡೆ

ಭಾನುವಾರ, ಬೆಳಗ್ಗೆ

ಮಗಳೇ,

ನಾನು ನಿನ್ನ ತಾಯಿ. ನಮ್ಮ ಮನೆತನದಲ್ಲಿ ಇಂದಿಗೂ ನನ್ನ ಮಾತೇ ಕೊನೆಯ ಮಾತು. ಈ ಸಣ್ಣ ಊರಿನ ಮುದುಕರಿಗೆಂದು ಸರ್ಕಾರ ಕಟ್ಟಿಸಿದ, ನೀನು ನಕ್ಷೆ ಬರೆದ ಈ ವಸತಿಯ ಸಂಘಕ್ಕೂ ನಾನೇ ಅಧ್ಯಕ್ಷೆ. ಎರಡೂ ಅಧಿಕಾರದಿಂದ ಬರೆಯುತ್ತಿದ್ದೇನೆ. ಆಶೀರ್ವಾದ ಕೊನೆಗೆ.

ನಿನ್ನ ಮನೆಗಳನ್ನು ಹೊಗಳಿದವಳೇ ನಾನು. ಸೆಕೆಗೆ ಫ್ಯಾನ್ ಬೇಡ, ಚಳಿಗೆ ಹೀಟರ್ ಬೇಡ. ಕರೆಂಟ್ ಬಿಲ್ಲು ನೋಡಿದ ಎದುರುಮನೆಯ ನಿವೃತ್ತ ಪೋಸ್ಟ್‌ಮ್ಯಾನ್, "ಮೀಟರ್ ಕೆಟ್ಟಿರ್ಬೇಕು ಅಕ್ಕಾ, ಯಾರಿಗೂ ಹೇಳ್ಬೇಡಿ" ಎಂದು ಪಿಸುಗುಟ್ಟಿದ್ದರು. ಬಾಗಿಲ ಅಂಚಿಗೆ ರಬ್ಬರು, ಕಿಟಕಿಗೆ ಎರಡು ಗಾಜು, ಹೊರಗೋಡೆಯೊಳಗೆ ಬಿಸಿಲೂ ಸದ್ದೂ ಒಳಬರದಂತೆ ದಪ್ಪ ಪದರ. ಎಲ್ಲ ಸರಿ. ಆದರೆ ನನ್ನ ಮನೆಗೂ ಪಕ್ಕದಲ್ಲಿರುವ ನಿನ್ನ ಅತ್ತೆಯ ಮನೆಗೂ ನಡುವಿನ ಗೋಡೆಗೆ ಆ ಪದರ ಏಕೆ? ಆ ಕಡೆ ಬಿಸಿಲೂ ಇಲ್ಲ, ಚಳಿಯೂ ಇಲ್ಲ. ಕೇಳಿದ್ದಕ್ಕೆ ನಕ್ಕು, "ನೀವಿಬ್ರೂ ಪಾತ್ರೆ ಸದ್ದಿಗೂ ಜಗಳ ತೆಗೀತೀರಮ್ಮಾ, ಫೋನ್ ಎತ್ತಿ ಎತ್ತಿ ನಮಗೆ ಸಾಕಾಗಿದೆ" ಎಂದೆ.

ನಿನ್ನ ಮದುವೆಯ ದಿನದಿಂದ ಬಂದ ಜಗಳ, ನಿಜ. ಅದು ನಮ್ಮಿಬ್ಬರ ಸ್ವತ್ತು. ಅದರ ಬಾಯಿ ಮುಚ್ಚಿಸು ಎಂದು ನಿನಗೆ ಯಾರೂ ಹೇಳಿರಲಿಲ್ಲ.

ಮೊನ್ನೆ ಬೀಗಿತ್ತಿ ಅಡುಗೆಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಸಹಾಯಕ್ಕೆ ಒತ್ತುವ ಕರೆಗಂಟೆ ಇದ್ದದ್ದು ಮಂಚದ ಪಕ್ಕ. ಕೈಗೆ ಸಿಕ್ಕ ಸೌಟಿನಿಂದ ಸಂಜೆಯವರೆಗೂ ನಡುಗೋಡೆ ಬಡಿದಿದ್ದಾರೆ. ಈಚೆ ನಾನು ಅದೇ ಗೋಡೆಗೆ ಒರಗಿ ಬಟಾಣಿ ಸುಲಿಯುತ್ತ, ಎಷ್ಟು ನೆಮ್ಮದಿಯ ಮನೆ ಎಂದುಕೊಳ್ಳುತ್ತಿದ್ದೆ. ಹೊಸ್ತಿಲಲ್ಲಿ ಹಾಲು ಹಾಗೇ ಉಳಿದದ್ದನ್ನು ಕಂಡು ಪೋಸ್ಟ್‌ಮ್ಯಾನ್ ಬಾಗಿಲು ಒಡೆಸಿದರು. ಸ್ಟ್ರೆಚರ್ ಮೇಲೆ ಮಲಗಿಯೂ ಆಕೆ ನನ್ನನ್ನು ಬಿಡಲಿಲ್ಲ: "ನಿಮ್ಮ ಮಗಳ ಗೋಡೆ ಭಾರೀ ಗಟ್ಟಿ ಬೀಗರೇ, ನನ್ನ ಸೌಟೇ ಸೊಟ್ಟಗಾಯ್ತು."

ನಾನು ಆಕೆಯ ಜೊತೆಗೇ ಆಂಬುಲೆನ್ಸ್ ಹತ್ತಿದೆ. ಇಷ್ಟು ವರ್ಷಗಳಲ್ಲಿ ಇದೇ ಮೊದಲು.

ನೀನು ಆಸ್ಪತ್ರೆಗೆ ಬಂದೆ, ಹಣ್ಣು ತಂದೆ. ನನ್ನನ್ನು ಕಾರಿಡಾರಿಗೆ ಕರೆದು, "ಬರೋ ಶುಕ್ರವಾರ ಪ್ರಶಸ್ತಿ ಸಮಿತಿಯವರು ನನ್ನ ಮನೆಗಳನ್ನ ನೋಡೋಕೆ ಬರ್ತಾರೆ, ಗೋಡೆಯ ಮಾತೊಂದನ್ನ ಎತ್ತಬೇಡಮ್ಮಾ" ಎಂದೆ. ಎಷ್ಟು ಮೆಲ್ಲಗೆ ಹೇಳಿದೆ! ಮೆಲ್ಲಗೆ ಹೇಳಬೇಕಾದ ಮಾತೆಂದು ನಿನಗೂ ಗೊತ್ತಿತ್ತು.

ನಿನ್ನೆ ಸಂಘದ ಸಭೆ ಕರೆದೆ. ಕೈ ಎತ್ತದವರ ಕಡೆ ಒಮ್ಮೆ ನೋಡಿದೆ, ಎತ್ತಿದರು. ಮಧ್ಯಾಹ್ನ ಗಾರೆಯವನು ನಡುಗೋಡೆಗೆ ಕಿಂಡಿ ಕೊರೆದು ಹೋದ. ನೆಲದಿಂದ ಗೇಣೆತ್ತರದಲ್ಲಿದೆ, ಬಿದ್ದವರ ಕೈಗೆ ಎಟುಕುವಂತೆ. ಸಮಿತಿಯವರು ಬರಲಿ. ಧೂಳನ್ನು ನಾನು ಗುಡಿಸಿಲ್ಲ.

ಆಶೀರ್ವಾದ ಬರೆಯಲು ಕೈ ಬರಲಿಲ್ಲ.

ನಿನ್ನ ತಾಯಿ,
ಅಧ್ಯಕ್ಷೆ

ಮರೆತದ್ದು: ಬಿದ್ದಲ್ಲಿಂದ ಆಕೆ ಕೂಗಿದ್ದು ನನ್ನನ್ನಲ್ಲ, ಮಗನನ್ನೂ ಅಲ್ಲ. ನಿನ್ನನ್ನು. "ಅವಳೇ ಕಟ್ಟಿದ ಮನೆ ಅಲ್ವಾ, ಅವಳಿಗೆ ಕೇಳಿಸೀತು ಅಂದ್ಕೊಂಡೆ" ಎಂದರು. ನಿನಗೆ ಹೇಳಬಾರದೆಂದು ನನ್ನ ಕೈ ಹಿಡಿದು ಕೇಳಿಕೊಂಡಿದ್ದರು.